ಫಿಲ್ಟರ್ ತೊಳದೀರೇನ್ರಿ?

ಬೇಸಿಗೆಯಲ್ಲಿ ಹತ್ತು ಸಲ ಕರೆದರೆ ಒಂದು ಸಲ ಬರುವ ಏಸಿ ಮೆಕ್ಯಾನಿಕ್ಕನ್ನು ಎಲ್ಲರೂ ನೋಡಿರುತ್ತೀರಿ. ಡಿಸೆಂಬರ್ ತಿಂಗಳಲ್ಲಿ, ಯಾರೂ ಕರೆಯದೆ, ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದು, "ಏಸಿ ನೋಡೂದೈತ್ರಿ" ಎಂದು ಬಾಗಿಲು ತಟ್ಟುವ ಮನುಷ್ಯನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಐದು ವರ್ಷ ನೋಡಿದ್ದೇನೆ. ಮೊದಲ ವರ್ಷ, ಈ ಮನುಷ್ಯನ ತಲೆಯಲ್ಲೇ ಯಾವುದೋ ಸ್ಕ್ರೂ ಸಡಿಲವಾಗಿರಬೇಕು ಎಂದು ಗಂಡನ ಹತ್ತಿರ ಹೇಳಿ ನಕ್ಕಿದ್ದೆ. ಇವತ್ತು ನಾನೂ ನನ್ನ ಮಗಳೂ ಉಸಿರಾಡಿಕೊಂಡಿರುವುದು ಆ ಸಡಿಲ ಸ್ಕ್ರೂವಿನ ದೆಸೆಯಿಂದ.

ಕಳೆದ ತಿಂಗಳು ಗದಗದಿಂದ ಫೋನ್ ಬಂತು. ದೋಹಾದಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡಿದ ಒಬ್ಬರು. "ಏಸಿ ಕಾಕಾ ತೀರಿಕೊಂಡ್ರು" ಎಂದರು. ಎಂಬತ್ತು ದಾಟಿತ್ತಂತೆ. ಬೆಳಿಗ್ಗೆ ಚಹಾ ಕುಡಿದು, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ದಿಟ್ಟಿಸಿ, "ಇದರ ಬೇರಿಂಗ್ ಹೋಗೇತಿ ನೋಡು" ಎಂದು ಮಗನಿಗೆ ಹೇಳಿ ಒರಗಿದವರು ಮತ್ತೆ ಏಳಲಿಲ್ಲವಂತೆ. ಸಾವಿನ ಸುದ್ದಿ ಕೇಳಿ ಯಾರಾದರೂ ನಗುತ್ತಾರೆಯೇ? ನನಗೆ ನಗು ಬಂದುಬಿಟ್ಟಿತು. ಅದರ ಬೆನ್ನಿಗೇ ಅಳುವೂ ಬಂತು.

ಅವರಿಗೊಂದು ಹೆಸರಿತ್ತು. ಆದರೆ ದೋಹಾದಲ್ಲಿ ನಾವಿದ್ದ ಅಲ್ ಸದ್ದ್ ಬಡಾವಣೆಯ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಉತ್ತರ ಕರ್ನಾಟಕದ ಒಂದೆರಡು ಮನೆಯ ಮಕ್ಕಳು ಕಾಕಾ ಎಂದು ಶುರು ಮಾಡಿದರು, ಮಲಯಾಳಿಗಳು ಹಿಡಿದುಕೊಂಡರು, ಕೊನೆಗೆ ನಮ್ಮ ಎದುರು ಮನೆಯ ಈಜಿಪ್ಟಿನ ಮುದುಕಿ ಕೂಡ "ಯಲ್ಲಾ ಕಾಕಾ, ಯಲ್ಲಾ" ಎಂದು ಅವಸರ ಮಾಡತೊಡಗಿದರು. ಕುಳ್ಳ ದೇಹ, ದಪ್ಪ ಮೀಸೆ, ಕಂಪನಿಯ ನೀಲಿ ಅಂಗಿ, ಕಿವಿಯ ಹಿಂದೆ ಒಂದು ಗಿಡ್ಡ ಪೆನ್ಸಿಲ್. ಕಟ್ಟಡಗಳ ಏಸಿ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿದ್ದರು. ಹೆಂಡತಿ ಮಕ್ಕಳು ಗದಗದ ಹತ್ತಿರದ ಹಳ್ಳಿಯಲ್ಲಿ; ಎರಡು ವರ್ಷಕ್ಕೊಮ್ಮೆ ರಜೆ. ಸ್ಪ್ಯಾನರ್ ಇಡುವ ಚೀಲದಲ್ಲೇ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಶೇಂಗಾ ಚಟ್ನಿ ಪುಡಿ. ಯಾವ ಮನೆಯಲ್ಲಿ ಊಟಕ್ಕೆ ಕರೆದರೂ ಕೂತು, ಬಡಿಸಿದ್ದರ ಮೇಲೆ ಆ ಪುಡಿ ಉದುರಿಸಿಕೊಂಡೇ ತಿನ್ನುತ್ತಿದ್ದರು. ನನ್ನ ನೀರುದೋಸೆಯ ಮೇಲೂ ಉದುರಿಸಿದರು. "ಭಾಳ ಚಲೋ ಆಗೇತ್ರಿ ಅಕ್ಕಾರ, ಏನೂ ರುಚಿ ಇಲ್ಲ" ಎಂದರು. ಅದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ತಿಳಿದಿಲ್ಲ.

ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಪುತ್ತೂರಿನ ಕಡೆಯವಳಾದ ನನಗೆ ಮೊದಮೊದಲು ಅವರ ಕನ್ನಡ ಅರ್ಧಕ್ಕರ್ಧ ತಲೆಯ ಮೇಲಿಂದ ಹೋಗುತ್ತಿತ್ತು. ಅವರಿಗೆ ನಾನು ಮಾತಾಡುವುದು ಕೇಳಿದರೆ ರೇಡಿಯೋ ಹಚ್ಚಿದ ಹಾಗೆ ಆಗುತ್ತಿತ್ತಂತೆ.

ಅವರ ಕೆಲಸದ ರೀತಿಯೇ ಬೇರೆ. ಬಂದ ಕೂಡಲೇ ಸಾಮಾನು ಬಿಚ್ಚುವವರಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಏಸಿಯ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಯಾರೂ ಮಾತಾಡಬಾರದು. ಒಂದು ಸಲ ನನ್ನ ಗಂಡ ನಡುವೆ ಬಾಯಿ ಹಾಕಿ, "ಗ್ಯಾಸ್ ಹೋಗಿರ್ಬೇಕು ಕಾಕಾ" ಎಂದರು. ಆ ಊರಿನಲ್ಲಿ ಏಸಿ ತಂಪು ಮಾಡದಿದ್ದರೆ ಎಲ್ಲ ಮೆಕ್ಯಾನಿಕ್ಕರೂ ಹೇಳುತ್ತಿದ್ದ ಮಾತು ಅದೇ. ಕಾಕಾ ಕಣ್ಣು ತೆರೆದು, "ಗ್ಯಾಸ್ ಎಲ್ಲಿಗೆ ಹೋಗತೈತ್ರಿ ಸಾಹೇಬ್ರ? ರಜಾ ಸಿಕ್ಕಿತಂತ ಊರಿಗಿ ಹೋಗೇತೇನು?" ಎಂದು, ಮುಂದಿನ ಮುಚ್ಚಳ ತೆಗೆದು ತೋರಿಸಿದರು. ಒಳಗಿನ ಕೊಳವೆಗಳ ಮೇಲೆ ಬೆರಳು ದಪ್ಪ ಮಂಜುಗಡ್ಡೆ ಕಟ್ಟಿತ್ತು. ಅದರ ಮುಂದಿನ ಫಿಲ್ಟರ್ ಎಂಬ ಜಾಳಿಗೆಯಲ್ಲಿ ಒಂದು ತೂತೂ ಕಾಣದ ಹಾಗೆ ಮರುಭೂಮಿಯ ಧೂಳು ಕೂತಿತ್ತು. "ಮೂಗು ಕಟ್ಟೇತಿ. ಮೂಗು ಕಟ್ಟಿದ್ರ ಮನಷ್ಯಾ ಕೆಲಸ ಮಾಡ್ತಾನೇನ್ರಿ?" ಎಂದು ಜಾಳಿಗೆಯನ್ನು ನನ್ನ ಕೈಗೆ ಕೊಟ್ಟರು. "ಹದಿನೈದು ದಿನಕ್ಕೊಮ್ಮೆ ನಳದ ಕೆಳಗ ಹಿಡೀರಿ. ಇಷ್ಟ."

ನಾನು ಹೂಂ ಎಂದೆ. ಹೂಂ ಎನ್ನುವುದಕ್ಕೇನು, ಬಾಯಿ ತಾನೇ. ಕುರ್ಚಿ ಹತ್ತಿ, ಮುಚ್ಚಳ ತೆಗೆದು, ಉಗುರು ಮುರಿದುಕೊಂಡು ಆ ಜಾಳಿಗೆ ತೊಳೆಯುವವರು ಯಾರು? ಎರಡು ತಿಂಗಳ ಮೇಲೆ ಕಾಕಾ ಬಂದಾಗ ಕೇಳಿದ ಮೊದಲ ಪ್ರಶ್ನೆ:

"ಫಿಲ್ಟರ್ ತೊಳದೀರೇನ್ರಿ ಅಕ್ಕಾರ?"

"ಓ, ಹೋದ ವಾರವೇ ತೊಳೆದೆ" ಎಂದೆ, ಕಣ್ಣು ಮಿಟುಕಿಸದೆ.

"ಭಾಳ ಚಲೋ ಆತು. ಹಂಗಾರ ಒಳಗ ನಾ ಏನ್ ಬರದೇನಿ, ಹೇಳ್ರಿ?"

ಕಾಕಾ ನಿಧಾನವಾಗಿ ಮುಚ್ಚಳ ತೆಗೆದು ಅದರ ಹಿಂಬದಿಯನ್ನು ನನ್ನ ಕಡೆ ತಿರುಗಿಸಿದರು. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಪೆನ್ಸಿಲಿನಲ್ಲಿ ಗುಂಡಗೆ ಬರೆದಿತ್ತು: "ಅಕ್ಕಾರಿಗೆ ನಮಸ್ಕಾರ. ಇದನ್ನ ಓದಿದ್ರ ನೀವು ಫಿಲ್ಟರ್ ತೊಳದೀರಿ ಅಂತ ತಿಳೀತೇನಿ." ಹಿಂದೆ ನಿಂತಿದ್ದ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು.

ಇದು ನಮ್ಮ ಮನೆಗೆ ಮಾತ್ರ ಮಾಡಿದ್ದಲ್ಲ. ಕನ್ನಡ ಬಿಟ್ಟರೆ ಬೇರೆ ಅಕ್ಷರ ಬರೆಯಲು ಬಾರದ ಕಾಕಾ, ಮಲಯಾಳಿಗಳ ಮನೆಯ ಏಸಿಯೊಳಗೆ ಆನೆ, ಹೂವು ಬರೆದಿಡುತ್ತಿದ್ದರು. ಈಜಿಪ್ಟಿನ ಮುದುಕಿಯ ಏಸಿಯಲ್ಲಿ ಮೀನು. ತೊಳೆದಿದ್ದೇನೆ ಎಂದವರು ಒಳಗೇನಿದೆ ಎಂದು ಹೇಳಬೇಕು. ಆ ಮುದುಕಿ ಒಂದು ಸಲವೂ ತಪ್ಪಿದವರಲ್ಲ; ನನ್ನನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ ಎರಡು ಕೈ ಅಗಲಿಸಿ ಈ ಸಲದ ಮೀನು ಎಷ್ಟು ದೊಡ್ಡದಿತ್ತು ಎಂದು ತೋರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ನಾನೂ ಹಟ ಹಿಡಿದೆ. ಹದಿನೈದು ದಿನಕ್ಕೆ ಸರಿಯಾಗಿ ತೊಳೆದು, ಅವರ ಬರಹದ ಕೆಳಗೆ "ತೊಳೆದಿದ್ದೇನೆ" ಎಂದು ಬರೆದೆ. ಮುಂದಿನ ಸಲ ಅದರ ಕೆಳಗೆ ಹೊಸದೊಂದು ಸಾಲು ಬಂತು: "ಸಾಹೇಬ್ರಿಗೆ ಹೇಳ್ರಿ, ಗುಂಡಿ ಪೂರಾ ತಿರುವಿದ್ರ ಲಗೂನ ತಂಪಾಗೂದಿಲ್ಲ. ಮಿಷನ್ನಿಗೆ ಸಿಟ್ಟು ಬರತೈತಿ ಅಷ್ಟ." ನಾನು ಉತ್ತರ ಬರೆದೆ: "ಸಾಹೇಬರು ನನ್ನ ಮಾತು ಕೇಳುವುದಿಲ್ಲ." ಅದಕ್ಕೆ ಉತ್ತರ: "ನನ್ನ ಮನ್ಯಾಗೂ ಹಂಗ ಐತ್ರಿ." ಒಂದೇ ಊರಿನಲ್ಲಿದ್ದುಕೊಂಡು, ವಾರಕ್ಕೊಮ್ಮೆ ಮೆಟ್ಟಿಲಲ್ಲಿ ಕಂಡುಕೊಂಡು, ಏಸಿಯೊಳಗೆ ಪತ್ರ ಬರೆದುಕೊಂಡವರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು.

ಚಳಿಗಾಲಕ್ಕೆ ಬರುತ್ತೇನೆ. ದೋಹಾದಲ್ಲಿ ಡಿಸೆಂಬರ್ ಬಂತೆಂದರೆ ಏಸಿಗಳು ನಿಲ್ಲುತ್ತವೆ. ಗೋಡೆಯ ತೂತಿನಲ್ಲಿ ಕೂತ ಆ ಪೆಟ್ಟಿಗೆಯ ಸಂದಿನಿಂದ ತಣ್ಣನೆಯ ಗಾಳಿಯೂ ಧೂಳೂ ಬರುತ್ತವೆಂದು ಜನ ಅದಕ್ಕೆ ಪೇಪರ್ ಅಂಟಿಸಿ, ಪ್ಲಾಸ್ಟಿಕ್ ಕಟ್ಟಿ, ಮಾರ್ಚ್ ತಿಂಗಳ ತನಕ ಮರೆತುಬಿಡುತ್ತಾರೆ. ಆಗ ಕಾಕಾ ಮನೆಮನೆಗೆ ಹೊರಡುತ್ತಿದ್ದರು. ಕಂಪನಿ ಕಳಿಸಿದ್ದಲ್ಲ. ಶುಕ್ರವಾರ, ತಮ್ಮ ರಜೆಯ ದಿನ, ತಮ್ಮ ಪಾಡಿಗೆ. "ಬ್ಯಾಸಗ್ಯಾಗ ಇವು ದುಡೀತಾವ, ಆಗ ನೋಡಾಕ ಎಲ್ಲಿ ಆಗತೈತಿ? ಮಲಗಿದ್ದಾಗ ಮಾತಾಡಿಸಬೇಕ್ರಿ" ಎನ್ನುತ್ತಿದ್ದರು. ಫ್ಯಾನಿನ ಮೋಟಾರಿಗೆ ಎರಡು ಹನಿ ಎಣ್ಣೆ, ಹಿಂದುಗಡೆ ಪಾರಿವಾಳ ಗೂಡು ಕಟ್ಟಿದೆಯೇ ಎಂದು ಒಂದು ನೋಟ. ಕೊನೆಗೆ ಏಸಿಯ ಪಕ್ಕದ ಸಣ್ಣ ಗುಂಡಿಯನ್ನು ಎಳೆದು, ಹೊರಗಿನ ಗಾಳಿ ಒಳಗೆ ಬರುವ ಕಿಂಡಿಯನ್ನು ತೆರೆದಿಟ್ಟು, "ಇದನ್ನ ಮುಚ್ಚಬ್ಯಾಡ್ರಿ" ಎಂದು ಹೇಳಿ ಹೋಗುತ್ತಿದ್ದರು. ಚಳಿಯಲ್ಲಿ ಕಿಂಡಿ ತೆರೆದಿಡಿ ಎನ್ನುವುದು ಯಾವ ಸೀಮೆಯ ಬುದ್ಧಿ? ಅವರು ಮೆಟ್ಟಿಲಿಳಿಯುತ್ತಿದ್ದಂತೆ ನಾನು ಆ ಗುಂಡಿಯನ್ನು ಒತ್ತಿ ಮುಚ್ಚುತ್ತಿದ್ದೆ.

ನಾವು ಹೋದ ಎರಡನೆಯ ವರ್ಷದ ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಬಂದರು. ವಿಮಾನದಿಂದಿಳಿದ ಅಮ್ಮನ ಪೆಟ್ಟಿಗೆಯಲ್ಲಿ ಲೇಹ್ಯದ ಭರಣಿ, ಅರಸಿನ, ಎರಡು ಡಬ್ಬ ತೆಂಗಿನೆಣ್ಣೆ, ಹಳೆಯ ಹತ್ತಿ ಸೀರೆಗಳು. ಏಳು ಬಾಣಂತನ ಮಾಡಿದ ಕೈ. ಅವರ ಮುಂದೆ ಆಸ್ಪತ್ರೆಯ ನರ್ಸುಗಳು ಹೇಳಿದ ಒಂದು ಮಾತೂ ನಿಲ್ಲಲಿಲ್ಲ. "ಅವ್ರಿಗೆ ಎಂತ ಗೊತ್ತುಂಟು? ಬಾಣಂತಿಗೆ ಗಾಳಿ ತಾಗ್ಲಿಕ್ಕಿಲ್ಲ." ಮೊದಲ ದಿನವೇ ಕಿಟಕಿಯ ಸಂದಿಗೆಲ್ಲ ಅಂಟುಪಟ್ಟಿ ಬಿತ್ತು. ಮಲಗುವ ಕೋಣೆಯ ಏಸಿಗೆ ಒಳಗಿನಿಂದ ಪೇಪರ್, ಬಾಲ್ಕನಿಯ ಕಡೆಯಿಂದ ದಪ್ಪ ಪ್ಲಾಸ್ಟಿಕ್. ಬಾಗಿಲಿನ ಕೆಳಗೆ ಹಳೆಯ ಸೀರೆಯ ಸುರುಳಿ.

ಅಮ್ಮನಿಗೆ ಇದ್ದ ಒಂದೇ ಕೊರತೆ ಕೆಂಡದ್ದು. ನಮ್ಮ ಕಡೆ ಮಗುವಿಗೆ ಮೀಯಿಸಿದ ಮೇಲೆ ಕೆಂಡಕ್ಕೆ ಧೂಪ ಹಾಕಿ ಹೊಗೆ ಹಿಡಿಯುವುದು, ಬಾಣಂತಿ ತಲೆಕೂದಲು ಒಣಗಿಸಿಕೊಂಡು ಕೆಂಡದ ಹತ್ತಿರ ಬೆಚ್ಚಗೆ ಮಲಗುವುದು ಇದ್ದದ್ದೇ. ಅಲ್ ಸದ್ದ್‌ನ ಫ್ಲಾಟಿನಲ್ಲಿ ಬಚ್ಚಲೊಲೆ ಎಲ್ಲಿಂದ ತರುವುದು? ಒಂದು ಸಂಜೆ ನನ್ನ ಗಂಡ ಅಮ್ಮನನ್ನು ಸೂಕ್ ವಾಕಿಫ್ ಎಂಬ ಹಳೆಯ ಪೇಟೆಗೆ ಕರೆದುಕೊಂಡು ಹೋದರು. ಬಂದಾಗ ಅಮ್ಮನ ಮುಖ ಅರಳಿತ್ತು. ಚಳಿಗಾಲದಲ್ಲಿ ಮರುಭೂಮಿಗೆ ಹೋಗಿ ಡೇರೆ ಹಾಕುವವರು ಚಹಾ ಕಾಯಿಸಲು ಒಯ್ಯುವ ತಗಡಿನ ಕೆಂಡದೊಲೆಯೊಂದು, ಒಂದು ಮೂಟೆ ಇದ್ದಿಲು ಕೊಂಡು ತಂದಿದ್ದರು. "ನೋಡು, ಇಲ್ಲಿಯವ್ರಿಗೂ ಬೇಕಾದ್ದೆಲ್ಲ ಗೊತ್ತುಂಟು. ನೀವೇ ಹೊಸಕಾಲದವ್ರು ಮಂಗ ಆದದ್ದು" ಎಂದರು. ಡೇರೆಯವರು ಅದನ್ನು ಬಯಲಿನಲ್ಲಿ ಉರಿಸುತ್ತಾರೆ ಎಂಬುದು ನಮ್ಮ ಮೂವರಲ್ಲಿ ಯಾರ ತಲೆಗೂ ಹೋಗಲಿಲ್ಲ. ಊರಿನ ಬಚ್ಚಲಿಗೆ ಹಂಚಿನ ಮಾಡು ಇತ್ತು, ಗೋಡೆಗೂ ಮಾಡಿಗೂ ನಡುವೆ ಕೈ ಹೋಗುವಷ್ಟು ಸಂದಿತ್ತು. ಇಲ್ಲಿ ಸೂಜಿ ಹೋಗುವಷ್ಟೂ ಇರಲಿಲ್ಲ. ಅದೂ ಯಾರಿಗೂ ಹೊಳೆಯಲಿಲ್ಲ.

ಹದಿನೆಂಟನೆಯ ದಿನ, ಶುಕ್ರವಾರ ಬೆಳಿಗ್ಗೆ. ನನ್ನ ಗಂಡ ಮೀನು ತರಲು ಹೋಗಿದ್ದರು. ಅಮ್ಮ ನನಗೆ ಎಣ್ಣೆ ತಿಕ್ಕಿ ಮೀಯಿಸಿ, ಮಗುವಿಗೆ ಮೀಯಿಸಿ ಧೂಪ ಹಾಕಿ, ಕೆಂಡ ತುಂಬಿದ ಒಲೆಯನ್ನು ಮಂಚದ ಬುಡಕ್ಕೆ ತಂದಿಟ್ಟು ಅಡುಗೆಮನೆಗೆ ಹೋದರು. ಪಕ್ಕದ ಮನೆಯ ಮಕ್ಕಳು ಮಗು ನೋಡಲು ನುಗ್ಗುತ್ತಿದ್ದುದರಿಂದ ಒಳಗಿನಿಂದ ಚಿಲಕ ಹಾಕಿದವಳು ನಾನೇ. ತಲೆ ಸ್ವಲ್ಪ ಭಾರ ಅನ್ನಿಸಿತು. ಎಣ್ಣೆ ಸ್ನಾನದ ನಿದ್ದೆ, ಸುಖದ ನಿದ್ದೆ ಎಂದುಕೊಂಡು ಮಗುವಿನ ಪಕ್ಕ ಮಲಗಿದೆ.

ಮುಂದಿನದನ್ನು ಅಮ್ಮ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಒಂದು ಗಂಟೆ ಕಳೆದಿರಬೇಕು, ಕಾಕಾ ಬಂದರು.

"ಏಸಿ ನೋಡೂದೈತ್ರಿ ಯವ್ವಾ."

"ಏಸಿ ಎಂತಕ್ಕೆ ಮಾರಾಯ್ರೆ ಈ ಚಳಿಯಲ್ಲಿ? ಮಗಳು ಬಾಣಂತಿ. ಆ ಕೋಣೆಗೆ ಗಂಡಸ್ರು ಹೋಗ್ಲಿಕ್ಕಿಲ್ಲ."

"ಒಳಗ ಬರೂದಿಲ್ರಿ. ಬಾಲ್ಕನಿಯಿಂದ ನೋಡಿ ಹೋಗತೇನಿ" ಎಂದವರು ಅಡುಗೆಮನೆಯನ್ನು ದಾಟುವಾಗ ನಿಂತರು. ಮೂಲೆಯಲ್ಲಿ ಇದ್ದಿಲ ಮೂಟೆ ಕಂಡಿತ್ತು. "ಯವ್ವಾ, ಇದ್ದಲಿ ಯಾಕ್ರಿ ಇದು?"

"ಬಾಣಂತಿಗೆ ಕೆಂಡ ಬೇಡ್ವಾ? ಒಳಗೆ ಇಟ್ಟಿದ್ದೇನೆ."

"ಕಿಡಕಿ ತಗದೈತೇನ್ರಿ?"

"ಕಿಟಕಿ ತೆಗೆದ್ರೆ ಗಾಳಿ ತಾಗುದಿಲ್ವಾ? ಒಂದು ಸಂದೂ ಬಿಡ್ಲಿಲ್ಲ ನಾನು" ಎಂದು ಅಮ್ಮ ಹೆಮ್ಮೆಯಿಂದ ಹೇಳಿದರಂತೆ.

ಕಾಕಾ ಕೋಣೆಯ ಬಾಗಿಲಿನ ಕಡೆ ತಿರುಗಿದರು. "ಮಗಳನ್ನ ಕರೀರಿ. ಈಗ ಕರೀರಿ" ಎಂದರು. ಅಮ್ಮ ಬಾಗಿಲು ತಟ್ಟಿದರು. ಕೂಗಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಒಳಗಿನಿಂದ ಹೂಂ ಇಲ್ಲ, ಹ್ಞಾಂ ಇಲ್ಲ. ಕಾಕಾ ಎರಡು ಸಲ ಹೆಗಲು ಕೊಟ್ಟು ಗುದ್ದಿದರು. ದಪ್ಪ ಬಾಗಿಲು, ಅಲುಗಲಿಲ್ಲ. ಮೂರನೆಯ ಸಲ ಗುದ್ದಲಿಲ್ಲ. ತಿರುಗಿ ಬಾಲ್ಕನಿಗೆ ಓಡಿದರು.

ನಮ್ಮ ಕೋಣೆಯ ಏಸಿಯ ಬೆನ್ನು ಬಾಲ್ಕನಿಗಿತ್ತು. ಅದನ್ನು ಆ ಮರದ ಚೌಕಟ್ಟಿನಲ್ಲಿ ಕೂರಿಸಿದವರು ಅವರೇ. ಯಾವ ಪಟ್ಟಿಗೆ ಎಷ್ಟು ಮೊಳೆ ಎಂದು ಅವರಿಗೆ ಗೊತ್ತಿತ್ತು. ಪ್ಲಾಸ್ಟಿಕ್ ಹರಿದರು, ಪಟ್ಟಿಗಳನ್ನು ಕಿತ್ತರು. ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಎತ್ತುವ ಆ ಪೆಟ್ಟಿಗೆಯನ್ನು ಗೋಡೆಗೆ ಕಾಲು ಕೊಟ್ಟು ಒಬ್ಬರೇ ಎಳೆದರು. ಅಮ್ಮ ಹಿಂದಿನಿಂದ ಅವರ ಸೊಂಟ ಹಿಡಿದು ಎಳೆದರಂತೆ. ಬಾಣಂತಿಯ ಕೋಣೆಯ ಹತ್ತಿರ ಗಂಡಸು ಸುಳಿಯಬಾರದು ಎಂದ ನನ್ನ ಅಮ್ಮ! ಏಸಿ ಧಡಾರನೆ ಬಾಲ್ಕನಿಗೆ ಬಿತ್ತು.

ನನಗೆ ನೆನಪಿರುವುದು ಆ ಸದ್ದು, ಆಮೇಲೆ ಮುಖಕ್ಕೆ ಬಡಿದ ಚಳಿ. ಕಣ್ಣು ತೆರೆದರೆ ಗೋಡೆಯಲ್ಲಿ ಒಂದು ಚೌಕ ಬೆಳಕು. ಆ ಚೌಕದೊಳಗೆ ಕಾಕಾರ ತಲೆ; ಆದರೆ ಮುಖ ಕಾಣದು, ಮಫ್ಲರ್ ಸುತ್ತಿದ ಹಿಂದಲೆ ಮಾತ್ರ.

"ಅಕ್ಕಾರ, ನಾ ಮಾರಿ ಆ ಕಡೆ ಮಾಡೇನಿ. ನಿಮ್ಮನ್ನ ನೋಡಾಕತ್ತಿಲ್ಲ. ಏಳ್ರಿ. ಕೂಸಿನ್ನ ಎತ್ತಿಕೊಳ್ರಿ. ಚಿಲಕ ತಗೀರಿ. ಮಲಗಬ್ಯಾಡ್ರಿ ತಾಯಿ, ಏಳ್ರಿ!"

ಏಳಲು ಹೋದರೆ ಕಾಲು ನನ್ನದಲ್ಲ. ತೆವಳಿಕೊಂಡು ಹೋಗಿ ಮಗುವನ್ನು ಎದೆಗವುಚಿಕೊಂಡೆ. ಅದು ಬಟ್ಟೆಯ ಗಂಟಿನ ಹಾಗೆ ಜೋತುಬಿತ್ತು. ಚಿಲಕ ಹೇಗೆ ತೆಗೆದೆನೋ ದೇವರೇ ಬಲ್ಲ. ಅಮ್ಮ ಮಗುವನ್ನು ಕಸಿದುಕೊಂಡು ಬಾಲ್ಕನಿಗೆ ಓಡಿದರು. ಕಾಕಾ ಅದರ ಅಂಗಾಲು ತಿಕ್ಕುತ್ತ, "ಅಳವ್ವಾ, ಅಳು, ಒಂದ ಸಲ ಅಳು" ಎಂದು ಬೇಡಿಕೊಳ್ಳುತ್ತಿದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ಸಣ್ಣ ಕೀರಲು ಬಂತು. ಆಮೇಲೆ ಇಡೀ ಅಲ್ ಸದ್ದ್ ಕೇಳುವ ಹಾಗೆ ಅತ್ತಳು ನನ್ನ ಮಗಳು. ಅವಳ ಗಂಟಲು ಇವತ್ತಿಗೂ ಹಾಗೇ ಇದೆ. ಯಾರಾದರೂ ದೂರಿದರೆ ನಾನು ಸುಮ್ಮನಿರುವುದಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟು ಒಂದು ದಿನ ಇಟ್ಟುಕೊಂಡರು. ಕೆಂಡದ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಅಮ್ಮ ಮೂಲೆಯ ಬೆಂಚಿನಲ್ಲಿ ಕೂತು ಸೆರಗು ಬಾಯಿಗೊತ್ತಿ ಅಳುತ್ತಿದ್ದರು. ಕಾಕಾ ಹತ್ತಿರ ಹೋಗಿ ಕೂತರು. ಅಮ್ಮ ಕೈಮುಗಿದು, "ಕೋಣೆಗೆ ಬರ್ಲಿಕ್ಕಿಲ್ಲ ಅಂತ ಹೇಳಿದ್ದು ತಪ್ಪಾಯ್ತು" ಎಂದರು.

"ಒಳಗ ಬಂದ ಇಲ್ಲಲ್ರಿ ಯವ್ವಾ" ಎಂದರು ಕಾಕಾ. "ನಿಮ್ಮ ಮಾತು ಹಂಗ ಐತಿ."

ಅಳುತ್ತಿದ್ದ ಅಮ್ಮನಿಗೆ ನಗು ಬಂತು. ಆಮೇಲೆ ಕಾಕಾ, ಯಾರನ್ನೂ ನೋಡದೆ, ನೆಲ ನೋಡಿಕೊಂಡು ಹೇಳಿದರು. ಹಿಂದೆ ಕಾರ್ಮಿಕರ ವಸತಿಯಲ್ಲಿದ್ದಾಗಿನ ಮಾತು. ಒಂದೇ ಕೋಣೆಯಲ್ಲಿ ಮೂವರು. ಅಂಗಳದಲ್ಲಿ ರೊಟ್ಟಿ ಸುಟ್ಟ ಒಲೆಯನ್ನು ಬೆಚ್ಚಗಾಗಲೆಂದು ಉಳಿದಿಬ್ಬರು ಒಳಗೆ ತಂದಿಟ್ಟುಕೊಂಡಿದ್ದರು. ಕಾಕಾ ರಾತ್ರಿ ಪಾಳಿಗೆ ಹೋಗಿದ್ದರು. ಬಂದು ನೋಡಿದರೆ ಒಬ್ಬ ಎದ್ದ, ಒಬ್ಬ ಏಳಲಿಲ್ಲ. ಏಳದವನು ಅವರ ಪಕ್ಕದ ಊರಿನವನು.

"ಏಸಿ ಸಂದ್ಯಾಗಿಂದ ಥಂಡಿ ಬರತೈತಿ, ಏನರ ಮಾಡು ಅಂದಿದ್ರು" ಎಂದರು ಕಾಕಾ. "ನಾ ಮೆಕ್ಯಾನಿಕ್ ಅಲ್ರಿ? ಒಂದು ಸಂದೂ ಇರದಂಗ ಪ್ಲಾಸ್ಟಿಕ್ ಕಟ್ಟಿಕೊಟ್ಟಾಂವ ನಾನ."

ಪ್ರತಿ ಡಿಸೆಂಬರಿನಲ್ಲಿ, ರಜೆಯ ದಿನ, ಕರೆಯದೆ ಮನೆಮನೆಗೆ ಬರುವುದು ಮೋಟಾರಿಗೆ ಎಣ್ಣೆ ಬಿಡಲಲ್ಲ ಎಂದು ನನಗೆ ಅಂದು ತಿಳಿಯಿತು. ಕಿಂಡಿಯ ಗುಂಡಿಯನ್ನು ಅವರ ಬೆನ್ನ ಹಿಂದೆ ಮುಚ್ಚಿದ ನನ್ನ ಕೈಯನ್ನು ಕತ್ತರಿಸಿಕೊಳ್ಳೋಣ ಅನ್ನಿಸಿತು.

ಆದರೆ ಅವರು ಯಾರನ್ನೂ ಹೆಚ್ಚು ಹೊತ್ತು ಅಳಲು ಬಿಡುವವರಲ್ಲ. ಮರುದಿನ ಏಸಿಯನ್ನು ಮತ್ತೆ ಕೂರಿಸಲು ಬಂದು, "ಖಲಾಸ್, ಬಿದ್ದು ಸೊಂಟ ಮುರಕೊಂಡೈತಿ ಪಾಪ. ಇದಕ್ಕೂ ಒಂದು ಬಾಣಂತನ ಮಾಡ್ರಿ ಯವ್ವಾ" ಎಂದರು. ಅಮ್ಮ ಅಂಟುಪಟ್ಟಿಗಳನ್ನೆಲ್ಲ ತಾವೇ ಕಿತ್ತರು. ತಗಡಿನ ಒಲೆ ಬಾಲ್ಕನಿಗೆ ಹೋಗಿ, ಅದರಲ್ಲಿ ಪುದೀನ ಬೆಳೆಯಿತು. ಊರಿಗೆ ಮರಳಿದ ಮೇಲೆ ಅಮ್ಮ ಇನ್ನೂ ಮೂರು ಬಾಣಂತನ ಮಾಡಿದರು. ಮೂರರಲ್ಲೂ ಕೆಂಡ ಅಂಗಳ ದಾಟಿ ಒಳಗೆ ಬರಲಿಲ್ಲ, ಕಿಟಕಿ ಮುಚ್ಚಲಿಲ್ಲ. ಯಾರಾದರೂ ತಕರಾರು ತೆಗೆದರೆ, "ದೋಹಾದಲ್ಲಿ ದೊಡ್ಡ ಇಂಜಿನಿಯರ್ರು ನನ್ಗೆ ಹೇಳಿದ್ದಾರೆ" ಎನ್ನುತ್ತಿದ್ದರು. ಆರನೆಯ ತರಗತಿಗೆ ಶಾಲೆ ಬಿಟ್ಟ ಕಾಕಾ ಪುತ್ತೂರಿನ ಸುತ್ತ ನಾಲ್ಕು ಊರಿಗೆ ಇಂಜಿನಿಯರ್ ಆದದ್ದು ಹೀಗೆ.

ಮಗಳು ಮಾತು ಕಲಿತಾಗ ಅವಳಿಗೂ ಕಾಕಾ ಕಾಕಾ. ಬಂದಾಗಲೆಲ್ಲ ಅವಳು ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಲ್ಲಬೇಕು, ಅವರು ಸುಮ್ಮನಿರಬೇಕು. "ಏನಂತೈತಿ?" ಎಂದು ಕೇಳುವರು. "ಹಸಿವಂತೆ" ಎನ್ನುವಳು. "ಹೌದಲ್ಲ, ನನಗೂ ಹಂಗ ಕೇಳಸ್ತು!" ಎಂದು ಶೇಂಗಾ ಪುಡಿಯ ಡಬ್ಬಿ ತೆಗೆಯುವರು.

ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ ಕಾಕಾ ಊರಿಗೆ ಹೊರಟರು. ಕಾಯಂ ಆಗಿ. ಮಂಡಿ ನೋವು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನವೆಂಬರಿನ ಒಂದು ಶುಕ್ರವಾರ ಬಂದು, ಏಸಿಯನ್ನು ಕೊನೆಯ ಸಲ ಬಿಚ್ಚಿ, ಒರೆಸಿ, ಕೂರಿಸಿದರು. ನಾನು ಜೋಳದ ರೊಟ್ಟಿ ಮಾಡಿದ್ದೆ. ಅಮಾವಾಸ್ಯೆಯ ಚಂದ್ರನಂತೆ ಒಂದಕ್ಕೂ ಆಕಾರವಿರಲಿಲ್ಲ. ನಾಲ್ಕು ತಿಂದರು. "ಚಲೋ ಆಗೇತ್ರಿ" ಎಂದರು. ಈ ಸಲ ಪುಡಿ ಉದುರಿಸಿಕೊಳ್ಳಲಿಲ್ಲ. ಡಬ್ಬಿಯನ್ನು ಮಗಳ ಕೈಗೆ ಕೊಟ್ಟು, ಗುಂಡಿ ಎಳೆದು ಕಿಂಡಿ ತೆರೆದು, ಹೊರಟುಹೋದರು. ಫಿಲ್ಟರಿನ ಮಾತೇ ಎತ್ತಲಿಲ್ಲ. ನನಗೆ ಅದೇ ಬೇಸರವಾಯಿತು.

ಹದಿನೈದು ದಿನ ಕಳೆದು ಕುರ್ಚಿ ಹಾಕಿ ಮುಚ್ಚಳ ತೆಗೆದೆ. ಹಳೆಯ ನಮಸ್ಕಾರಗಳನ್ನೂ ಬೈಗುಳಗಳನ್ನೂ ಉತ್ತರಗಳನ್ನೂ ಅಳಿಸಿ ಸ್ವಚ್ಛ ಮಾಡಿದ್ದರು. ನಡುವೆ ಗುಂಡಗಿನ ಅಕ್ಷರದಲ್ಲಿ ಎರಡೇ ಸಾಲು:

"ಇನ್ ಮ್ಯಾಲ ಕೇಳಾಕ ಯಾರೂ ಬರೂದಿಲ್ರಿ ಅಕ್ಕಾರ. ಆದ್ರೂ ತೊಳೀರಿ."

ಕುರ್ಚಿಯ ಮೇಲೆ ನಿಂತೇ ಅತ್ತುಬಿಟ್ಟೆ. ಕೆಳಗಿನಿಂದ ಮಗಳು ಏಸಿ ಏನು ಹೇಳಿತು ಎಂದು ಕೇಳುತ್ತಿದ್ದಳು.

ಈಗ ನಾವು ಮಂಗಳೂರಿನಲ್ಲಿದ್ದೇವೆ. ಗೋಡೆಯ ಮೇಲೆ ತೆಳ್ಳಗಿನ ಹೊಸ ನಮೂನೆಯ ಏಸಿ. ವರ್ಷಕ್ಕೊಮ್ಮೆ ಕಂಪನಿಯ ಹುಡುಗರು ಬಂದು ಏನೋ ಮಾಡಿ ಹೋಗುತ್ತಾರೆ, ಏನೂ ಕೇಳುವುದಿಲ್ಲ. ಗದಗದ ಫೋನ್ ಇಟ್ಟ ಮೇಲೆ ಕುರ್ಚಿ ಎಳೆದೆ. "ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳಬೇಡ" ಎಂದು ಗಂಡ ಕೂಗಿದರೂ ಹತ್ತಿದೆ. ಜಾಳಿಗೆಯಲ್ಲಿ ಎಷ್ಟೋ ತಿಂಗಳ ಧೂಳು ಕಂಬಳಿಯ ಹಾಗೆ ಕೂತಿತ್ತು. ನಾಚಿಕೆಯಾಯಿತು. ನಳದ ಕೆಳಗೆ ಹಿಡಿದು, ನೀರು ತಿಳಿಯಾಗುವ ತನಕ ತೊಳೆದು, ಒರೆಸಿ ತಂದೆ. ಮುಚ್ಚಳದ ಒಳಬದಿ ಬೆಳ್ಳಗೆ ಖಾಲಿಯಿತ್ತು. ಗಂಡನಿಂದ ಪೆನ್ಸಿಲ್ ಕೇಳಿ ಇಸಿದುಕೊಂಡು, ಅಲ್ಲಿ ಬರೆದೆ: "ತೊಳೆದಿದ್ದೇನೆ ಕಾಕಾ."